ಸಾಲು ಕೊಡುವವನು

ನಮ್ಮ ಸಭೆಯಲ್ಲಿ ಆರ್ಗನ್ ಇಲ್ಲ, ಪಿಯಾನೊ ಇಲ್ಲ,
ಗೋಡೆಗೆ ಒಂದು ಚಿತ್ರವೂ ಇಲ್ಲ.
ಕಿಟಕಿಯಾಚೆ ಕಪ್ಪು ಜೌಗು, ಅದರಾಚೆ ಅಟ್ಲಾಂಟಿಕ್.
ಇಡೀ ಲೂಯಿಸ್ ದ್ವೀಪ ಬಾಗಿಲು ಹಾಕುವ ಭಾನುವಾರವೂ
ಕಡಲಿಗೆ ಮಾತ್ರ ರಜೆಯಿಲ್ಲ.

ಪೀಠದ ಕೆಳಗೆ ಒಂದು ಪುಟ್ಟ ಕಟಕಟೆ.
ಇಪ್ಪತ್ತಮೂರು ವರ್ಷದಿಂದ ಅದರಲ್ಲಿ ನಾನು,
ಟಾರ್ಕಲ್, ಅಂಚೆ ವ್ಯಾನಿನವನು.
ಉಪದೇಶಿ ಕೀರ್ತನೆಯ ಸಂಖ್ಯೆ ಹೇಳಿ ಕೂರುತ್ತಾರೆ.
ಆಮೇಲೆ ಎಲ್ಲರ ಮುಖ ನನ್ನ ಗಂಟಲಿನ ಕಡೆ.

ಸಾಲು ಕೊಡುವುದೆಂದರೆ
ದೋಣಿಯಿಂದ ದಡಕ್ಕೆ ಹಗ್ಗ ಎಸೆದಂತೆ.
ಒಂದು ಸಾಲನ್ನು ನಾನು ಬೇಗ ಬೇಗ ಒಗೆಯುತ್ತೇನೆ,
ಹಿಡಿದವರು ನಿಧಾನ ಎಳೆಯುತ್ತಾರೆ,
ಒಬ್ಬರು ಕೊಂಕಿಸಿ, ಒಬ್ಬರು ನಡುಗಿಸಿ,
ಒಬ್ಬರು ಅರ್ಧದಲ್ಲಿ ಮೂಗೊರೆಸಿಕೊಂಡು ಮತ್ತೆ ಸೇರಿ.
ರಾಗ ಒಂದೇ. ಅರವತ್ತು ಗಂಟಲು, ಅರವತ್ತು ದಾರಿ.

ಕಲಿಸಿದ್ದು ಸೋದರಮಾವ, ಉಣ್ಣೆ ಕತ್ತರಿಸುವ ದೊಡ್ಡಿಯಲ್ಲಿ.
"ಅಭ್ಯಾಸಕ್ಕೆ ದೇವರ ಮಾತು ಸವೆಸಬಾರದು" ಅಂತ
ಆ ರಾಗಗಳಿಗೆ ಕುರಿಗಳ ಹೆಸರು ಕಟ್ಟಿದ್ದ:
ಕಪ್ಪುಮೂತಿ, ಮುರಿಗೊಂಬಿನವಳು, ಬೇಲಿಹಾರಿ,
ಮೂರು ಚಳಿಗಾಲ ನಾನು ಇವರನ್ನೇ ಸ್ತುತಿಸಿದೆ.
ದನಿ ಒಡೆದಾಗ ನಕ್ಕ. ಒಡೆಯದಿದ್ದಾಗ
ಯಾಕೋ ಸುಮ್ಮನೆ ನನ್ನನ್ನೇ ನೋಡಿದ.

ಕಳೆದ ಆಗಸ್ಟಿನಲ್ಲಿ ಗ್ಲಾಸ್ಗೊದಿಂದ ಇಬ್ಬರು ಬಂದರು,
ಬೆಕ್ಕಿನ ಬಾಲದಂಥ ಮೈಕು, ಕಿವಿತುಂಬ ಹೆಡ್‌ಫೋನು.
ಆ ಬೆಳಿಗ್ಗೆ ನಾನು ಎರಡು ಸ್ವರ ಮೇಲೆ ಹಿಡಿದೆ.
ಬೇಕೆಂದೇ ಹಿಡಿದೆ.
ಮೂರನೆಯ ಸಾಲಿಗೆ ಗಂಡಸರು ಕಳಚಿಕೊಂಡರು,
ಐದಕ್ಕೆ ಹೆಂಗಸರು.
ಹಿಂದಿನ ಬೆಂಚಿನ ಓಯ್ರಿಕ್ ಪುಸ್ತಕ ಮಡಚಿ
ತನ್ನ ಕೈಗವಸು ನೋಡಿಕೊಂಡು ಕುಳಿತಳು.
ನನ್ನ ದನಿ ಒಂದೇ ಸೂರಿಗೇರಿ ಹೊಳೆಯಿತು.
ಸುಳ್ಳೇಕೆ, ಚೆನ್ನಾಗಿಯೇ ಇತ್ತು.
ಗ್ಲಾಸ್ಗೊದವರು ಕಣ್ಮುಚ್ಚಿ ತಲೆದೂಗಿದರು.

ಬಾಗಿಲಲ್ಲಿ ಹಿರಿಯ ಈವರ್ ಕೋಟಿನ ಗುಂಡಿ ಹಾಕುತ್ತ
"ಇವತ್ತು ನಿನ್ನ ದನಿ ಚೆನ್ನಾಗಿ ಕೇಳಿಸಿತಪ್ಪ" ಅಂದ.
ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.
ಮಧ್ಯಾಹ್ನದ ಸೂಪು ಗಂಟಲಲ್ಲಿ ಇಳಿಯಲಿಲ್ಲ.

ಬುಧವಾರ ಪ್ರಾರ್ಥನೆಗೆ ಏಳು ಜನ.
ಹೀಟರು ಕೆಟ್ಟಿತ್ತು, ಒದ್ದೆ ಉಣ್ಣೆಯ ವಾಸನೆ.
ಎಲ್ಲಿಂದ ಹಿಡಿಯಲಿ ಎಂದು ತಲೆಯೆತ್ತಿದರೆ
ಓಯ್ರಿಕ್, ಶಾಲೆಯ ಅಡುಗೆಮನೆಯ ಹಬೆಯಲ್ಲಿ
ಅರ್ಧ ಎದೆಗೂಡು ಬೇಯಿಸಿಕೊಂಡವಳು,
ಆಗಲೇ ಉಸಿರು ಕೂಡಿಸುತ್ತಿದ್ದಳು.
ಅವಳ ಉಸಿರು ಎಲ್ಲಿಯವರೆಗೆ ಏರುತ್ತದೋ ಅಂದಾಜಿಸಿ
ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಹಿಡಿದೆ.

ಅವಳು ಯಾವಾಗಲೂ ಕೊನೆಯವಳು.
ಎಲ್ಲರೂ ದಡ ಮುಟ್ಟಿದ ಮೇಲೂ
ಅವಳ ಸ್ವರದ ಬಾಲ ನೀರಲ್ಲೇ ಇರುತ್ತದೆ.
ಇಷ್ಟು ವರ್ಷ ನಾನು ಅದರ ಮೇಲೇ
ಮುಂದಿನ ಸಾಲು ಎಸೆದುಬಿಡುತ್ತಿದ್ದೆ.
ಆ ದಿನ ಕಾದೆ.
ಗಾಳಿ ಹೆಂಚು ಎಣಿಸಿತು. ಈವರ್ ಕೆಮ್ಮಿದ.
ಅವಳು ತನ್ನ ತಿರುವು ತಿರುಗಿ, ಸಣ್ಣದೊಂದು ಗಂಟು ಹಾಕಿ,
ಬಂದಳು.
ಆಮೇಲೆ ಎಸೆದೆ.
ಏಳು ಜನ ಎಳೆದರು. ಅದರೊಳಗೆ
ನನ್ನ ದನಿ ಯಾವುದೆಂದು ನನಗೇ ತಿಳಿಯಲಿಲ್ಲ.

ಬುದ್ಧಿ ಬಂತು ಅಂದುಕೊಳ್ಳಬೇಡಿ.
ಸೋಮವಾರ ಖಾಲಿ ರಸ್ತೆಯಲ್ಲಿ, ಕಾಗದಗಳೆಲ್ಲ ಹಂಚಿ ಆದಮೇಲೆ,
ವ್ಯಾನಿನ ಗಾಜು ಏರಿಸಿ
ಆ ಎತ್ತರದ ಸ್ವರ ಈಗಲೂ ಹತ್ತುತ್ತೇನೆ, ಜೋರಾಗಿ,
ಯಾರೂ ಸೇರಲಾರದಷ್ಟು ಮೇಲೆ:
ಕಪ್ಪುಮೂತಿ,
ಮುರಿಗೊಂಬಿನವಳು,
ಬೇಲಿಹಾರಿ.