ಮೂರನೆಯ ಪೆಟ್ಟಿಗೆ

ಮೊದಲು ಕೇಳಿದವಳು ಡಾಕ್ಟರ್ ಗ್ರಿಸೆಲ್ದಾ:
"ಮಕ್ಕಳು ಮುಟ್ಟಬೇಕು, ತಿರುಗಿಸಬೇಕು, ಅಗೆಯಬೇಕು.
ಗಾಜಿನ ಹಿಂದೆ ನಿಲ್ಲಿಸಿ ಸಾಕಾಗಿದೆ ಎವರಾರ್ದೊ,
ಅವರ ಮೂಗಿನ ಗುರುತು ಬಿಟ್ಟರೆ
ಬೇರೇನೂ ಇಲ್ಲಿ ಉಳಿಯುವುದಿಲ್ಲ."

ನಾನು ಬಡಗಿ. ಚುಬುಟ್‌ನ ಈ ಒಣ ಬಯಲಲ್ಲಿ
ಕುರಿದೊಡ್ಡಿಗಳಿಗೆ ಬಾಗಿಲು ಮಾಡುತ್ತಿದ್ದವನು.
ಮ್ಯೂಸಿಯಮ್ಮಿಗೆ ಬಂದದ್ದು ಸೂರಿನ ರಿಪೇರಿಗೆ.
ಮರಳಿ ಹೋಗಲಿಲ್ಲ. ಹನ್ನೊಂದು ವರ್ಷ.

ಮೊದಲು ಮಾಡಿದ್ದು ಕಾಲದ ರಾಟೆ:
ಒಂದು ಸುತ್ತಿಗೆ ಒಂದು ಲಕ್ಷ ವರ್ಷ.
ನಮ್ಮ ಉದ್ದಕತ್ತಿನ ದೈತ್ಯನನ್ನು ಮುಟ್ಟಲು
ಸಾವಿರ ಸುತ್ತು, ಆಮೇಲೊಂದು ಗಂಟೆ, ಟಿಣ್.
ನಲವತ್ತಕ್ಕೆ ಕೈಸೋತು ಮಕ್ಕಳು ಐಸ್‌ಕ್ರೀಮಿಗೆ ಓಡಿದರು,
ಇನ್ನೂ ಒಂಬೈನೂರ ಅರವತ್ತು ಬಾಕಿ.
ಆ ಟಿಣ್ ಕೇಳಿದವನು ನಾನೊಬ್ಬನೇ,
ಅದೂ ರಾತ್ರಿ, ಬಾಗಿಲು ಹಾಕಿಕೊಂಡು.
ಮರುವಸಂತಕ್ಕೆ ಯಾರೋ ಹಿಡಿಕೆಯನ್ನೇ ಕಿತ್ತೊಯ್ದರು.

ಎರಡನೆಯದು ನಾಲಗೆ.
ಅಗೆಯುವವರ ಗುಟ್ಟು ಅದು: ಚೂರನ್ನು ನಾಲಗೆಗೆ ತಾಗಿಸುತ್ತಾರೆ,
ಅಂಟಿದರೆ ಮೂಳೆ, ಅಂಟದಿದ್ದರೆ ಕಲ್ಲು.
ಇಷ್ಟು ಚಂದದ ಪಾಠವನ್ನು ಹೇಗೆ ಬಿಡಲಿ?
ಆರೋಗ್ಯ ಇಲಾಖೆಯ ಮನುಷ್ಯ ಫಾರಂ ಮುಂದಿಟ್ಟುಕೊಂಡು
ನನ್ನ ಬಾಯನ್ನೇ ನೋಡಿದ, ಬಹಳ ಹೊತ್ತು.
ಬಿಟ್ಟೆ.

ಕೊನೆಗೆ ಮರಳಿನ ಪೆಟ್ಟಿಗೆ, ಲೆಂಗಾ ಮರದ್ದು, ಮೊಣಕಾಲೆತ್ತರ.
ಒಂದರಲ್ಲಿ ರಾಳದ ಬೆನ್ನೆಲುಬು,
ಒಂದರಲ್ಲಿ ಮೊಟ್ಟೆಗಳ ಗೂಡು.
ಗಡಿಯಾರ ಹಿಡಿದು ನಿಂತೆ: ಎರಡು ನಿಮಿಷ, ಹತ್ತು ಸೆಕೆಂಡು.
ಬ್ರಷ್ಷು ಎಸೆದು, ಕೈಯಿಂದಲೇ ಗೋರಿ,
"ಸಿಕ್ತು!" ಮುಗಿಯಿತು. ಮುಂದೇನು?

ಅವತ್ತು ನಿದ್ದೆ ಹತ್ತಲಿಲ್ಲ.
ಹುಡುಕುವುದೆಂದರೆ ಇದು ಎಂದು
ಮಕ್ಕಳಿಗೆ ಸುಳ್ಳು ಹೇಳಿದೆನಲ್ಲ.
ಗ್ರಿಸೆಲ್ದಾ ಮಂಡಿಯೂರಿದ ಆರು ಬೇಸಿಗೆಗಳಲ್ಲಿ
ಐದು ಬರಿಗೈ.
ಬೆಟ್ಟ ಅಗೆದು ಇಲಿ ಹಿಡಿದರೆಂದು ಊರು ನಗುತ್ತದೆ;
ಇಲಿಯಷ್ಟು ಪ್ರಾಣಿಯದೊಂದು ದವಡೆಹಲ್ಲು ಸಿಕ್ಕ ದಿನ
ಡೇರೆಯ ಮುಂದೆ ಕುರಿ ಸುಟ್ಟು ಅವರು ಕುಣಿದದ್ದನ್ನು
ನಾನು ಕಂಡಿದ್ದೇನೆ.

ಅದಕ್ಕೇ ಮೂರನೆಯ ಪೆಟ್ಟಿಗೆ.
ಅದೇ ಮರ, ಅದೇ ಮರಳು, ಅದೇ ಬ್ರಷ್ಷು.
ಒಳಗೆ ಏನೂ ಇಲ್ಲ.

"ದುಡ್ಡು ಕೊಟ್ಟು ಬಂದವರು ಜಗಳ ತೆಗೀತಾರೆ" ಎಂದಳು ಗ್ರಿಸೆಲ್ದಾ.
ಆಮೇಲೆ ಕಿಟಕಿಯಾಚೆ ನೋಡಿ
(ಗಾಳಿ, ಮುಳ್ಳುಪೊದೆ, ಗಾಳಿ)
"ಇಡು" ಎಂದಳು.

ತೆಗೆದರು ಜಗಳ.
ಎಣ್ಣೆ ಕಂಪನಿಯ ಅಪ್ಪನೊಬ್ಬ ದೂರುಪುಸ್ತಕದಲ್ಲಿ
"ತುಂಬಿಸುವುದು ಮರೆತಿದ್ದೀರಿ" ಎಂದು ಬರೆದು
ಎರಡು ಗೆರೆ ಎಳೆದ.

ಆಗಸ್ಟಿನ ಚಳಿಯ ಒಂದು ಮಂಗಳವಾರ ಬಂದಳು ಸುಯಾಯ್.
ಒಂಬತ್ತು ವರ್ಷ, ಉಣ್ಣೆ ಕತ್ತರಿಸುವವನ ಮಗಳು.
ಶಾಲೆಯ ಬಸ್ಸು ಕೆಟ್ಟು ಸಂಜೆತನಕ ಉಳಿದರು.
ಎಲ್ಲರೂ ಮೊಟ್ಟೆಗಳಿಗೆ ಮುಗಿಬಿದ್ದಾಗ
ಇವಳು ಮೂರನೆಯದರಲ್ಲಿ, ಒಬ್ಬಳೇ.
ಬೂಟಿನ ದಾರ ಬಿಚ್ಚಿ ಚೌಕ ಹಾಕಿದಳು,
ಯಾರೂ ಹೇಳಿಕೊಟ್ಟಿರಲಿಲ್ಲ.
ಚೌಕವೊಂದು ಮುಗಿದರೆ ಕಾಗದದ ಮೇಲೆ ಒಂದು ಸೊನ್ನೆ.
ಹದಿನೇಳು ಸೊನ್ನೆ.
ನಾನು ಕಂಬದ ಹಿಂದೆ ಪೊರಕೆ ಹಿಡಿದು
ಕಳ್ಳನ ಹಾಗೆ ನಿಂತಿದ್ದೆ.
ಹೋಗಿ ಹೇಳಿಬಿಡಲೇ: ಇಲ್ಲ ಮಗು,
ಮಾಡಿದವನು ನಾನೇ, ಏನೂ ಇಲ್ಲ.

ಹದಿನೆಂಟನೆಯದರಲ್ಲಿ ಬ್ರಷ್ಷು ನಿಂತಿತು.
ಕೂಗಲಿಲ್ಲ ಅವಳು. ಬಾಗಿ, ಮೆಲ್ಲಗೆ ಊದಿದಳು.
ಗುಂಡಿ ತೋಡಿದವಳಿಗೆ ಸಿಕ್ಕಿದ್ದು ಗುಂಡಿ,
ಕಂದು ಬಣ್ಣ, ನಾಲ್ಕು ತೂತು,
ಒಂದರಲ್ಲಿ ಇನ್ನೂ ನೂಲಿನ ಎಳೆ.
ನಾಲಗೆಗೆ ತಾಗಿಸಿ ನೋಡಿದಳು.
ಯಾರು ಕಲಿಸಿದರೋ!
ಅಂಟಲಿಲ್ಲ.

ಅವಳು ಬರೆದ ಚೀಟಿ ಈಗಲೂ ಪೆಟ್ಟಿಗೆಯ ಅಂಚಿನಲ್ಲಿದೆ,
ಮೊಳೆ ಹೊಡೆದವನು ನಾನು:

ಸಿಕ್ಕ ಜಾಗ, ಉತ್ತರದ ಮೂಲೆ. ಆಳ, ನಾಲ್ಕು ಬೆರಳು.
ಕಾಲ ಗೊತ್ತಿಲ್ಲ. ಮೂಳೆ ಅಲ್ಲ.
ಪ್ರಾಣಿ: ಚಳಿಯಾಗುತ್ತಿದ್ದದ್ದು ಯಾವುದೋ ಒಂದು.

ಆರಕ್ಕೆ ದೀಪ ಆರಿಸಿ ಹೊರಬಿದ್ದೆ.
ಬಯಲಿನ ಗಾಳಿ ಕಾದು ನಿಂತಿತ್ತು.
ಕೋಟಿನ ಎರಡು ಅಂಚನ್ನೂ ಎದೆಯ ಹತ್ತಿರ
ಮುಷ್ಟಿಯಲ್ಲಿ ಹಿಡಿದುಕೊಂಡು
ಮನೆತನಕ ನಡೆದೆ.