ಮೂರನೇ ಲೇನು

ನಿಯಮಗಳ ಪುಸ್ತಕವನ್ನು ಕಡಲಿನವರು ಬರೆದಿದ್ದರು.
ಅಲೆ ಮುರಿಯುವ ಜಾಗ, ಸೆಳೆತ, ಮರಳ ದಿಬ್ಬ
ಎಂದೆಲ್ಲ ಹದಿನಾಲ್ಕು ಪುಟ. ರಾತ್ರಿ ಓದಿ ಮಡಚಿಟ್ಟೆ.
ನಮ್ಮ ಬೇತಮಂಗಲದ ಕೆರೆಯಲ್ಲಿ ಅಲೆ ಎಂದರೆ
ಎಮ್ಮೆ ಇಳಿದಾಗ ಏಳುವುದು.

ನನಗೆ ಗೊತ್ತಿದ್ದದ್ದು ಖೋ ಖೋ.
ಇಪ್ಪತ್ತೆರಡು ವರ್ಷ ಬಂಗಾರಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ
ಸುಣ್ಣದ ಗೆರೆ ಎಳೆದು, ಗೆರೆ ತುಳಿದ ಕಾಲನ್ನು
ಅರ್ಧ ಕಣ್ಣಲ್ಲೇ ಹಿಡಿದವಳು.
ನೀರಿನ ಮೇಲೆ ಸುಣ್ಣ ನಿಲ್ಲುವುದಿಲ್ಲ.
ಹಗ್ಗಕ್ಕೆ ಖಾಲಿ ಎಣ್ಣೆ ಕ್ಯಾನು ಕಟ್ಟಿ
ಇದು ಒಂದು, ಇದು ಎರಡು, ಇದು ನಿಮ್ಮದು ಮೇಡಂ, ಮೂರು
ಎಂದು ತೋರಿಸಿ ಹೋದರು.
ಗಾಳಿ ಬಂದರೆ ನನ್ನದು ಎರಡಕ್ಕೆ ವಾಲುತ್ತಿತ್ತು.

ಕೊರಳಿಗೆ ಸೀಟಿ. ಬಲಗೈಗೆ ಕೆಂಪು ಬಾವುಟ.
ಎಡಗೈಯ ಸ್ಟಾಪ್‌ವಾಚು ಬೆವರಿಗೆ ಜಾರುತ್ತಿತ್ತು.
ಈಜು? ಸೊಂಟದವರೆಗೆ ಬರುತ್ತದೆ.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಖ್ಯ ತೀರ್ಪುಗಾರರು ಅಂತೋಣಿರಾಜ್ ಸರ್,
ಕೆಜಿಎಫ್‌ನವರು, ಗಣಿಯ ರಕ್ಷಣಾ ದಳದಲ್ಲಿದ್ದು
ಹೊಗೆಯೊಳಗಿಂದ ಮನುಷ್ಯರನ್ನು ಎಳೆದು ತಂದವರು.
ತಮಿಳು ಬೆರೆತ ಕನ್ನಡದಲ್ಲಿ ಒಂದೇ ಪಾಠ ಹೇಳಿದರು:
"ಅಲ್ಲಿ ಕೆಳಗಡೆ ಹೊಗೆಯಮ್ಮ, ಇಲ್ಲಿ ನೀರು.
ಎಲ್ಲೇ ಆಗಲಿ, ಮೊದಲು ಮೂಗು ನೋಡು."

ಮೊದಲ ಸುತ್ತಿಗೆ ವಾಚು ಒತ್ತಲು ಮರೆತೆ,
ಒಂದು ಬೆಳ್ಳಕ್ಕಿ ಕ್ಯಾನಿನ ಮೇಲೆ ಕೂತಿತ್ತು.
ಎರಡನೇ ಸುತ್ತಿಗೆ, ಬಾವುಟ ವಾಚುಗಳ ಸಮೇತ, ಚಪ್ಪಾಳೆ ತಟ್ಟಿದೆ.
ಪಕ್ಕದ ಲೇನಿನ ಹೋಂಗಾರ್ಡು ಮೊಣಕೈಯಿಂದ ತಿವಿದು
"ಮೇಡಂ, ನಾವು ತಟ್ಟಂಗಿಲ್ಲ" ಎಂದ.

ಮೂರನೇ ಸುತ್ತು.
ಮುಳುಗುವವನು ಸುಹೇಲ್, ಒಂಬತ್ತನೇ ಕ್ಲಾಸು,
ಮುಳುಗುವ ಕೆಲಸಕ್ಕೆಂದೇ ಬೆಳಗ್ಗಿನಿಂದ ನೀರಲ್ಲಿದ್ದಾನೆ,
ತುಟಿ ನೇರಳೆ ಹಣ್ಣು ತಿಂದವನ ಹಾಗೆ.
"ಕಿರುಚಬೇಡ" ಎಂದಿದ್ದರು ಸರ್, "ಮುಳುಗೋರು ಕಿರುಚಲ್ಲ."
ಅವನು ಕೈ ಎತ್ತಿ ಸುಮ್ಮನಾದ.
ಅಷ್ಟು ಜನರ ದಡದೆದುರು ಆ ಸುಮ್ಮನೆ ಎಷ್ಟು ಸಣ್ಣದು!
ನೋಡದಿದ್ದರೆ ಇರಲೇ ಇಲ್ಲ.

ಕ್ಯಾಸಂಬಳ್ಳಿಯ ಚಲಪತಿ ಧುಮುಕಿದ.
ಅವನದು ಈಜಲ್ಲ, ಕೆರೆಯನ್ನು ಬಟ್ಟೆಯ ಹಾಗೆ ಹರಿಯುವುದು.
ಟ್ಯೂಬು ಬಿಗಿದ, ತಿರುಗಿದ, ಎಳೆದ.
ದಡವೆಲ್ಲ ಎದ್ದು ನಿಂತು ಚಲಪತಿ ಚಲಪತಿ ಚಲಪತಿ
ಎನ್ನುವಾಗ ನನ್ನ ಕಣ್ಣೂ ಅವನ ತೋಳಿಗೆ ಹೋಯಿತು, ಭುಜಕ್ಕೆ ಹೋಯಿತು,
ಕಿವಿ ಹಿಂಡಿ ಕರೆತಂದೆ ಕಣ್ಣನ್ನು ಹಿಂದಕ್ಕೆ,
ಮೂಗಿಗೆ.
ಮೂಗು ಇರಲಿಲ್ಲ.
ಒಂದು.
ನೀರು ಹಣೆಯ ಮೇಲೆ ಹಾಯುತ್ತಿತ್ತು.
ಎರಡು.
ಕೂದಲಷ್ಟೇ, ಪಾಚಿಯ ಹಾಗೆ.
ಮೂರು.

ದಾಖಲೆಯಂತೆ. ಹೆಗಲ ಮೇಲೆ ಎತ್ತಿಕೊಂಡರು.
ಬಾವುಟ ಎದ್ದಮೇಲೆ ಗೊತ್ತಾಯಿತು
ಎತ್ತಿದ್ದು ನಾನೆಂದು.
ಚಲಪತಿ ನೋಡಿದ. ಅವನ ಸೋದರಮಾವ ನೋಡಿದ.
ಬೋಂಡದ ಗಾಡಿಯವನೂ ಜಾಲರಿ ಎತ್ತಿ ಹಿಡಿದು ನೋಡಿದ.
"ಗ್ಯಾರಂಟಿನಾ?" ಎಂದರು ಸರ್.
ಸುಹೇಲನೇ ಓಡಿಬಂದ, ಕೆಮ್ಮುತ್ತ:
"ನಂಗೇನೂ ಆಗಿಲ್ಲ ಮೇಡಂ, ಸತ್ಯವಾಗ್ಲೂ,
ಅಣ್ಣನ್ನ ಬಿಟ್ಬಿಡಿ."
ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡ.
"ಮೂರು ಸೆಕೆಂಡು ಸರ್. ಎಣಿಸಿದೆ" ಎಂದೆ.

ಹಾಳೆಯಲ್ಲಿ ಬರೆದೆ: ಲೇನು ಮೂರು, ಅನರ್ಹ.
ಅನರ್ಹದ ಅರ್ಕಾವೊತ್ತು ಒದ್ದೆಗೆ ಕದಡಿತು.
ಕಾರಣ ಎಂಬಲ್ಲಿ ಒಂದೇ ಗೆರೆಯ ಜಾಗ.
ಬೇಗ ತಂದ, ಎಂದು ಬರೆದು, ಹೊಡೆದುಹಾಕಿ
ಮುಖ ನೀರೊಳಗಿತ್ತು, ಎಂದೆ.

ಸಂಜೆಯ ಬಂಗಾರಪೇಟೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಕ್ಕಿತು.
ಸೀಟಿ ಇನ್ನೂ ಕೊರಳಲ್ಲೇ.
ಕಂಡಕ್ಟರು ನಕ್ಕು, "ನಂದು ಎಲ್ಲೋ ಬಿದ್ದೋಯ್ತು,
ನೀವೇ ಊದಿ ಮೇಡಂ, ರೈಟ್" ಎಂದ.
ಊದುವ ಮುನ್ನ ಕಿಟಕಿಯಿಂದ ಹೊರಗೆ ಬಗ್ಗಿ
ಹಿಂದೆ ಯಾರಾದರೂ ಕೈ ಎತ್ತಿ
ಸುಮ್ಮನೆ
ಓಡಿಬರುತ್ತಿದ್ದಾರೆಯೇ ನೋಡಿದೆ.