ಬೆಣ್ಣೆಯ ಪಕ್ಕದ ಕೀಲಿ

ಹಗಲೆಲ್ಲ ಗುಂಯ್‌ಗುಡುವುದರ ನಡುವೆಯೇ ನನ್ನ ಅನ್ನ.
ಪುಂಟಾ ಅರೇನಾಸಿನ ಏಡಿ ಕಾರ್ಖಾನೆಯಲ್ಲಿ
ಹದಿನಾಲ್ಕು ಶೀತಲ ಯಂತ್ರಗಳ ಎದೆಗೆ ಕಿವಿಯಿಟ್ಟು
ಯಾವುದಕ್ಕೆ ಉಬ್ಬಸ, ಯಾವುದರ ಬೇರಿಂಗು ಸವೆದಿದೆ
ಹೇಳಬಲ್ಲೆ, ಮುಚ್ಚಳ ತೆಗೆಯದೆ.
"ವುಕಾಸೊವಿಚ್, ನೀನು ಡಾಕ್ಟರಾಗಬೇಕಿತ್ತು" ಅನ್ನುತ್ತಾನೆ ಫೋರ್‌ಮನ್.
ಸಂಬಳ ಮಾತ್ರ ಏರಿಸುವುದಿಲ್ಲ.

ರಾತ್ರಿ, ಅಡಿಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು,
ಪಕ್ಕದಲ್ಲಿ ಸೋಪಿನಷ್ಟು ದೊಡ್ಡ ಕೆಂಪು ಡಬ್ಬಿ,
ಡಬ್ಬಿಗೆ ತಂತಿ, ತಂತಿಯ ತುದಿಗೆ ಗಿಟಾರು:
ಫ್ರೀಜರು ರಿಪೇರಿಗೆ ಕಾಸಿಲ್ಲದ ಹಡಗಿನವನೊಬ್ಬ
ಬಿಟ್ಟುಹೋದದ್ದು.
ಬೆರಳು ತಾಗಿಸುವ ಮೊದಲೇ ಪರದೆಯ ಮೇಲೆ
ಹಸಿರು ಗೆರೆ ನಡುಗುತ್ತದೆ.
ಗುಂಯ್.
ಕಾರ್ಖಾನೆಯೇ ಬೂಟಿಗಂಟಿಕೊಂಡು ಮನೆಗೆ ಬಂದ ಹಾಗೆ.

ಆರು ಚಳಿಗಾಲ ಅದರ ಬೆನ್ನು ಹತ್ತಿದೆ.
ತಂತಿ ಬದಲಿಸಿದೆ. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ.
ಟ್ಯೂಬ್‌ಲೈಟು ಆರಿಸಿದೆ, ಅರ್ಧ ಹೋಯಿತು.
ಚಾರ್ಜರು ಕಿತ್ತು ಬರೀ ಬ್ಯಾಟರಿಯಲ್ಲಿ ನಡೆಸಿದೆ,
ಜೇನ್ನೊಣ ಹೋಗಿ ಸೊಳ್ಳೆ ಉಳಿಯಿತು.
ಗೋಡೆಯ ಸಾಕೆಟ್ಟಿಗೆ ಅರ್ತಿಂಗೇ ಇಲ್ಲವೆಂದು
ಹೋದ ತಿಂಗಳು ತಿಳಿಯಿತು.
ಮನೆ ಕಟ್ಟಿದವನು ಮೂರನೆಯ ತೂತನ್ನು ಅಂದಕ್ಕೆ ಇಟ್ಟಿದ್ದ.
ಹಿತ್ತಲ ಹೆಪ್ಪುಗಟ್ಟಿದ ಮಣ್ಣನ್ನು ಗಡಾರಿಯಿಂದ ಅಗೆದು
ತಾಮ್ರದ ಸಲಾಕೆ ಇಳಿಸುವಾಗ
ಬೇಲಿಯಾಚೆಯಿಂದ ಮುದುಕ ಬಾರ್ರಿಯಾ ಕೇಳಿದ,
"ಯಾರನ್ನಪ್ಪಾ ಹೂಳುತ್ತಿದ್ದೀ?"

ಉಳಿದದ್ದು ಫ್ರಿಜ್ಜೊಂದು.
ಇವತ್ತು ಅದನ್ನೂ ಆರಿಸಿದೆ. ಮರೆಯಬಾರದೆಂದು
ವ್ಯಾನಿನ ಕೀಲಿಯನ್ನು ಒಳಗೆ, ಬೆಣ್ಣೆಯ ಪಕ್ಕ ಇಟ್ಟೆ.
ಕೀಲಿಯಿಲ್ಲದೆ ಎಲ್ಲಿಗೆ ಹೋಗುತ್ತೇನೆ?

ಆಮೇಲೆ ಗಿಟಾರು ಕೊರಳಿಗೆ ಹಾಕಿಕೊಂಡು
ಕೋಣೆಯ ನಡುವೆ ನಿಧಾನ ಸುತ್ತಿದೆ,
ಮೊಟ್ಟೆಯಿಡಲು ಜಾಗ ಹುಡುಕುವ ಹೇಂಟೆಯ ಹಾಗೆ.
ಬಾಗಿಲಿಗೆ ಮುಖ ಮಾಡಿದರೆ ಸೊಳ್ಳೆ ಜೋರು.
ಒಲೆಯ ಕಡೆಗೆ ತುಸು ಕಮ್ಮಿ.
ಜಲಸಂಧಿಯ ಕಡೆಯ ಕಿಟಕಿಗೆ ಓರೆಯಾಗಿ
ಎಡ ಮೊಣಕಾಲು ಕುರ್ಚಿಗೆ ತಾಗುವಂತೆ ನಿಂತರೆ

ಏನೂ ಇಲ್ಲ.

ಹೊರಗೆ ಗಾಳಿ ತಗಡು ಕೀಳುತ್ತಿತ್ತು, ಕೀಳಲಿ.
ಗಾಳಿಗೆ ಕೆಂಪು ಡಬ್ಬಿಯೊಳಗೆ ದಾರಿಯಿಲ್ಲ.
ಮದುವೆಗಳಲ್ಲಿ ಅಪ್ಪ ಅಕಾರ್ಡಿಯನ್ನಿನಲ್ಲಿ ಎಳೆಯುತ್ತಿದ್ದ
ವಾಲ್ಟ್ಸು ನುಡಿಸಿದೆ, ಅಲ್ಲಾಡದೆ, ಓರೆಯಾಗಿಯೇ.

ಹೆಡ್‌ಫೋನಿನಲ್ಲಿ ಕೇಳಿದೆ. ಒಂದೊಂದು ಸ್ವರವೂ
ಈಗಷ್ಟೇ ಚಿಪ್ಪು ಬಿಡಿಸಿದ ಏಡಿಯ ಕಾಲು:
ಬಿಳಿ, ಇಡಿ, ಎಲ್ಲೂ ಮುರಿದಿಲ್ಲ.
ಮೂರನೆಯ ಸಾಲಿನಲ್ಲಿ ಕಿರುಬೆರಳು ಬಂತು.
ಬೆಲ್ಟಿಗೆ ಸಿಕ್ಕಿ ಒಂದು ಗೆಣ್ಣು ಕಳಕೊಂಡದ್ದು.
ತಡವಾಗಿ ಬಂತು,
ಊಟ ಮುಗಿದ ಮೇಲೆ ಬಂದ ನೆಂಟನ ಹಾಗೆ,
ಬಾಗಿಲಲ್ಲೇ ನಿಂತು ಎಲ್ಲರ ಮುಖ ನೋಡುತ್ತ.
ಗುಂಯ್ ಇದ್ದಷ್ಟು ದಿನ
ಅದರ ಕಂಬಳಿಯಡಿ ಬೆಚ್ಚಗೆ ಮಲಗಿದ್ದ ಬೆರಳು.
ನೆಲ ಡೊಂಕು, ನೆಲ ಡೊಂಕು ಎಂದು ಆರು ವರ್ಷ ಕುಣಿದೆ.
ನೆಲವನ್ನು ನಾನೇ ಅಗೆದು ಸರಿಮಾಡಿದೆ.
ಇನ್ನು ಯಾರ ಮೇಲೆ ಹಾಕಲಿ?

ಸುಲೇಮಾಳಿಗೆ ಕೇಳಿಸಿದೆ.
ಹೆಣಿಗೆ ಕೆಳಗಿಡದೆ ಕೇಳಿದಳು.
"ಮೊದಲೆಲ್ಲ ಬೇರೆ ಯಾರೋ ನುಡಿಸಿದ ಹಾಗಿರುತ್ತಿತ್ತು," ಅಂದಳು,
"ಈಗ ನೀನೇ."
ಹೊಗಳಿದಳೋ, ಮಲಗಲು ಎದ್ದಳೋ.

ಇನ್ನೊಂದು ಸಲ, ಇನ್ನೊಂದೇ ಸಲ ಎನ್ನುತ್ತ
ಬ್ಯಾಟರಿ ಸಾಯುವವರೆಗೆ ಹದಿನೇಳು ಸಲ.
ಹದಿನೇಳೂ ಸಲ ಬೆರಳು ಅಷ್ಟೇ ತಡ.
ಪರದೆಯಲ್ಲಿ ಹಿಗ್ಗಿಸಿ ಅಳೆದೆ,
ಕೂದಲೆಳೆ ವ್ಯತ್ಯಾಸವಿಲ್ಲ. ನಿಯತ್ತಿನ ತಡ.
ಕತ್ತಲಲ್ಲಿ ನಗು ಬಂತು.
ಹಾಗೇ ಹೋಗಿ ಮಲಗಿದೆ.

ಬೆಳಿಗ್ಗೆ ಆರಕ್ಕೆ, ಜೇಬು ತಡಕಿ, ಕಪಾಟು ತಡಕಿ,
ಬೆಣ್ಣೆ ನೆನಪಾಗಿ ಬಾಗಿಲೆಳೆದೆ.
ಒಳಗಿನ ದೀಪ ಹತ್ತಲಿಲ್ಲ.
ಹದಿನಾಲ್ಕು ಯಂತ್ರಗಳ ಡಾಕ್ಟರ ಮನೆಯಲ್ಲಿ
ಮೀನಿನ ತಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.
ಕೀಲಿ ತಣ್ಣಗಿರಲಿಲ್ಲ.